ಅತ್ಯಮೂಲ್ಯ ಆಟಗಾರ ಪ್ರಶಸ್ತಿ

ಅತ್ಯಮೂಲ್ಯ ಆಟಗಾರ ಪ್ರಶಸ್ತಿಯು ತಂಡ ಕ್ರೀಡೆಗಳಲ್ಲಿ ಒಂದು ಪಂದ್ಯಾವಳಿಯ ಅಥವಾ ಋತುವಿನ ಕೊನೆಯಲ್ಲಿ, ತನ್ನ ತಂಡಕ್ಕೆ ಅತಿ ಹೆಚ್ಚಿನ ಕೊಡುಗೆ ನೀಡಿದನೆಂದು ಪರಿಗಣಿಸಲಾದ ಆಟಗಾರನಿಗೆ ಸಲ್ಲುವ ವೈಯಕ್ತಿಕ ಗೌರವವಾಗಿದೆ. ಎಂವಿಪಿ ಎಂಬ ಸಂಕ್ಷಿಪ್ತ ಹೆಸರಿನಿಂದಲೂ ಇದು ಪರಿಚಿತವಾಗಿದೆ. ಅಮೆರಿಕದ ವೃತ್ತಿಪರ ಲೀಗ್‌ಗಳಲ್ಲಿ ಬೆಳೆದ ಈ ಪದ್ಧತಿಯು ಭಾರತದಲ್ಲಿ ಇಂಡಿಯನ್ ಪ್ರೀಮಿಯರ್ ಲೀಗ್ ಮತ್ತು ಪ್ರೊ ಕಬಡ್ಡಿ ಲೀಗ್‌ಗಳ ಮೂಲಕ ಜನಪ್ರಿಯವಾಯಿತು. ವೈಯಕ್ತಿಕ ಅಂಕಿಅಂಶಗಳು ಸಾಧಾರಣವಾಗಿದ್ದರೂ ತಂಡವನ್ನು ಗೆಲುವಿನತ್ತ ನಡೆಸಿದ ಆಟಗಾರನು ಈ ಪ್ರಶಸ್ತಿಗೆ ಅರ್ಹನೇ ಎಂಬುದು ಇದರ ಸುತ್ತ ಪದೇ ಪದೇ ಏಳುವ ಪ್ರಶ್ನೆಯಾಗಿದೆ.

ಅರ್ಥ ಮತ್ತು ಸ್ವರೂಪ

'ಅತ್ಯುತ್ತಮ' ಮತ್ತು 'ಅತ್ಯಮೂಲ್ಯ' ಎಂಬ ಎರಡು ಪದಗಳ ನಡುವಿನ ವ್ಯತ್ಯಾಸವೇ ಈ ಚರ್ಚೆಯ ಮೂಲ. ಅತ್ಯುತ್ತಮ ಆಟಗಾರನನ್ನು ಅವನ ಕೌಶಲ ಮತ್ತು ಸಾಧನೆಗಳಿಂದ ಗುರುತಿಸಲಾಗುತ್ತದೆ. ಮೌಲ್ಯವೆಂಬುದು ತಂಡಕ್ಕೆ ಸಂಬಂಧಿಸಿದ ಮಾತು. ಆ ಆಟಗಾರನು ಇಲ್ಲದಿದ್ದರೆ ತಂಡದ ಸ್ಥಿತಿ ಏನಾಗುತ್ತಿತ್ತು ಎಂಬ ಪ್ರಶ್ನೆ ಅದರಲ್ಲಿ ಅಡಗಿದೆ. ಹೆಚ್ಚಿನ ಲೀಗ್‌ಗಳಲ್ಲಿ ಅತಿ ಹೆಚ್ಚು ರನ್, ವಿಕೆಟ್ ಅಥವಾ ರೈಡ್ ಅಂಕ ಗಳಿಸಿದವರಿಗೆ ಬೇರೆಯೇ ಪ್ರಶಸ್ತಿಗಳಿರುವುದು ಈ ವ್ಯತ್ಯಾಸಕ್ಕೆ ಪುಷ್ಟಿ ನೀಡುತ್ತದೆ.

ಆಯ್ಕೆಯ ವಿಧಾನಗಳು

ಆಯ್ಕೆಯಲ್ಲಿ ಮುಖ್ಯವಾಗಿ ಎರಡು ವಿಧಾನಗಳಿವೆ. ಮೊದಲನೆಯದು ಮತದಾನ. ಅಮೆರಿಕದ ನ್ಯಾಷನಲ್ ಫುಟ್‌ಬಾಲ್ ಲೀಗ್‌ನ ಪ್ರಮುಖ ಎಂವಿಪಿ ಪ್ರಶಸ್ತಿಯನ್ನು ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯು 50 ಮಂದಿಯ ಸಮಿತಿಯ ಮತಗಳಿಂದ ನಿರ್ಧರಿಸುತ್ತದೆ. ಎರಡನೆಯದು ಅಂಕಪದ್ಧತಿ. ಐಪಿಎಲ್‌ನಲ್ಲಿ ಬೌಂಡರಿ, ಸಿಕ್ಸರ್, ವಿಕೆಟ್, ರನ್ ನೀಡದ ಎಸೆತ, ಕ್ಯಾಚ್ ಮತ್ತು ಸ್ಟಂಪಿಂಗ್‌ಗಳಿಗೆ ಅಂಕ ನೀಡಿ ಒಟ್ಟು ಮೊತ್ತದಿಂದ ವಿಜೇತನನ್ನು ಗುರುತಿಸಲಾಗುತ್ತದೆ. ಅಂಕಪದ್ಧತಿಯಲ್ಲಿ ಪಕ್ಷಪಾತಕ್ಕೆ ಎಡೆ ಕಡಿಮೆ. ಆದರೆ ಪಟ್ಟಿಯಲ್ಲಿ ಸೇರದ ಕೆಲಸಕ್ಕೆ ಬೆಲೆಯೂ ಇಲ್ಲ: ಒಂಟಿ ರನ್‌ಗಳಿಂದ ಇನಿಂಗ್ಸ್ ಕಟ್ಟುವ ಬ್ಯಾಟರ್‌ಗಾಗಲಿ, ಸರಿಯಾದ ಹೊತ್ತಿಗೆ ಬೌಲಿಂಗ್ ಬದಲಿಸುವ ನಾಯಕನಿಗಾಗಲಿ ಅದರಲ್ಲಿ ಅಂಕವಿರುವುದಿಲ್ಲ.

ಪ್ರೊ ಕಬಡ್ಡಿ ಲೀಗ್

2014ರಲ್ಲಿ ಆರಂಭವಾದ ಪ್ರೊ ಕಬಡ್ಡಿ ಲೀಗ್‌ನಲ್ಲಿ ಈ ವಿವಾದದ ಎಲ್ಲ ಮುಖಗಳೂ ಕಾಣಸಿಗುತ್ತವೆ. ಬೆಂಗಳೂರು ಬುಲ್ಸ್ ತಂಡದ ರೈಡರ್ ಆಗಿದ್ದ ಪವನ್ ಸೆಹ್ರಾವತ್ ಇದರಲ್ಲಿ ಪ್ರಮುಖ ಉದಾಹರಣೆಯಾಗಿದ್ದಾರೆ.

ಆರನೇ ಆವೃತ್ತಿಯಲ್ಲಿ ಅಂಕಿಅಂಶ ಮತ್ತು ಗೆಲುವು ಒಂದೇ ಕಡೆ ಸೇರಿದ್ದವು. 2019ರ ಜನವರಿ 5ರಂದು ಮುಂಬೈಯಲ್ಲಿ ನಡೆದ ಫೈನಲ್‌ನಲ್ಲಿ ಬೆಂಗಳೂರು ಬುಲ್ಸ್ ತಂಡವು ಗುಜರಾತ್ ತಂಡವನ್ನು 38-33 ಅಂಕಗಳಿಂದ ಸೋಲಿಸಿತು. ಪವನ್ ಆ ಪಂದ್ಯವೊಂದರಲ್ಲೇ 22 ರೈಡ್ ಅಂಕ ಗಳಿಸಿದರು. ಆವೃತ್ತಿಯಲ್ಲಿ ಅವರ ಒಟ್ಟು ರೈಡ್ ಅಂಕಗಳು 271. ಅತ್ಯಮೂಲ್ಯ ಆಟಗಾರ ಪ್ರಶಸ್ತಿಯೂ ಅವರಿಗೇ ಸಂದಿತು.

2019ರ ಏಳನೇ ಆವೃತ್ತಿಯಲ್ಲಿ ಈ ಮೂರು ಗೌರವಗಳು ಮೂರು ತಂಡಗಳಿಗೆ ಹಂಚಿಹೋದವು. ಪವನ್ 346 ರೈಡ್ ಅಂಕಗಳೊಂದಿಗೆ ಅಗ್ರಸ್ಥಾನ ಪಡೆದರೂ ಬೆಂಗಳೂರು ತಂಡವು ಸೆಮಿಫೈನಲ್‌ನಲ್ಲಿ ದಬಾಂಗ್ ಡೆಲ್ಲಿಗೆ 38-44ರಿಂದ ಸೋತಿತು. ಅತ್ಯಮೂಲ್ಯ ಆಟಗಾರನಾಗಿ 301 ರೈಡ್ ಅಂಕ ಗಳಿಸಿದ್ದ ಡೆಲ್ಲಿಯ ನವೀನ್ ಕುಮಾರ್ ಆಯ್ಕೆಯಾದರು. ಪ್ರಶಸ್ತಿ ಗೆದ್ದ ತಂಡ ಮಾತ್ರ ಬೆಂಗಾಲ್ ವಾರಿಯರ್ಸ್.

ಎಂಟನೇ ಆವೃತ್ತಿಯು ಕೋವಿಡ್ ಕಾರಣದಿಂದ 2021ರ ಡಿಸೆಂಬರ್‌ನಿಂದ 2022ರ ಫೆಬ್ರುವರಿಯವರೆಗೆ ಸಂಪೂರ್ಣವಾಗಿ ಬೆಂಗಳೂರಿನಲ್ಲೇ ನಡೆಯಿತು. ಪವನ್ 304 ರೈಡ್ ಅಂಕಗಳೊಂದಿಗೆ ಮತ್ತೆ ಅತ್ಯುತ್ತಮ ರೈಡರ್ ಎನಿಸಿದರು. ಗಾಯದಿಂದ ಹಲವು ಪಂದ್ಯಗಳನ್ನು ಕಳೆದುಕೊಂಡ ನವೀನ್ ಗಳಿಸಿದ್ದು 207. ಸೆಮಿಫೈನಲ್‌ನಲ್ಲಿ ಡೆಲ್ಲಿ ತಂಡವು ಬೆಂಗಳೂರನ್ನು 40-35ರಿಂದಲೂ, ಫೈನಲ್‌ನಲ್ಲಿ ಪಟ್ನಾ ಪೈರೇಟ್ಸ್ ತಂಡವನ್ನು 37-36ರಿಂದಲೂ ಮಣಿಸಿತು. ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಪುನಃ ನವೀನ್ ಪಾಲಾಯಿತು. ಈ ಪ್ರಶಸ್ತಿಯ ಮೊತ್ತ 20 ಲಕ್ಷ ರೂಪಾಯಿ, ಅತ್ಯುತ್ತಮ ರೈಡರ್ ಪ್ರಶಸ್ತಿಯದು 15 ಲಕ್ಷ ರೂಪಾಯಿ ಆಗಿತ್ತು.

ಮೇಲ್ನೋಟಕ್ಕೆ 97 ಅಂಕಗಳ ಈ ಅಂತರ ದೊಡ್ಡದು. ಆದರೆ ಪವನ್ 24 ಪಂದ್ಯಗಳನ್ನೂ ನವೀನ್ 17 ಪಂದ್ಯಗಳನ್ನೂ ಆಡಿದ್ದರಿಂದ, ಪ್ರತಿ ಪಂದ್ಯದ ಸರಾಸರಿಯು ಕ್ರಮವಾಗಿ 12.7 ಮತ್ತು 12.2 ಆಗುತ್ತದೆ. ಒಟ್ಟು ಮೊತ್ತವನ್ನು ನೋಡಿದವರಿಗೆ ಸಾಧಾರಣವೆನಿಸಿದ ಸಾಧನೆಯು ಸರಾಸರಿಯನ್ನು ನೋಡಿದವರಿಗೆ ಸರಿಸಮಾನವಾಗಿ ಕಾಣುತ್ತದೆ. ಇಡೀ ಆವೃತ್ತಿಯಲ್ಲಿ ಗಾಯಗೊಳ್ಳದೆ ತಂಡಕ್ಕೆ ಲಭ್ಯವಿರುವುದೂ ಒಂದು ಮೌಲ್ಯವೇ ಎಂಬುದು ಇದಕ್ಕೆ ನೀಡಬಹುದಾದ ಪ್ರತಿವಾದ. 2022ರ ಹರಾಜಿನಲ್ಲಿ ತಮಿಳ್ ತಲೈವಾಸ್ ತಂಡವು ಪವನ್ ಅವರನ್ನು 2.26 ಕೋಟಿ ರೂಪಾಯಿಗೆ ಖರೀದಿಸಿತು. ಅದು ಅಲ್ಲಿಯವರೆಗಿನ ಲೀಗ್‌ನ ಅತಿ ದೊಡ್ಡ ಮೊತ್ತ. ಹೀಗೆ ಪ್ರಶಸ್ತಿಯು ಗೆಲುವಿನ ಕಡೆಗೂ ಹರಾಜು ಅಂಕಗಳ ಕಡೆಗೂ ವಾಲಿದವು.

ಹತ್ತನೇ ಆವೃತ್ತಿಯಲ್ಲಿ ಗೆದ್ದ ನಾಯಕನಿಗೆ ಪ್ರಶಸ್ತಿ ಸಂದಿತು. 2024ರ ಮಾರ್ಚ್ 1ರಂದು ಕರ್ನಾಟಕದ ಬಿ.ಸಿ. ರಮೇಶ್ ತರಬೇತಿಯ ಪುಣೇರಿ ಪಲ್ಟನ್ ತಂಡವು ಹರಿಯಾಣ ಸ್ಟೀಲರ್ಸ್ ತಂಡವನ್ನು 28-25ರಿಂದ ಸೋಲಿಸಿತು. ಅತ್ಯುತ್ತಮ ರೈಡರ್ ಪ್ರಶಸ್ತಿಯು ಡೆಲ್ಲಿಯ ಆಶು ಮಲಿಕ್ ಅವರಿಗೆ ದೊರೆತರೆ, ರೈಡ್ ಅಂಕಗಳಲ್ಲಿ ಅವರಿಗಿಂತ ಬಹಳ ಹಿಂದಿದ್ದ ಪುಣೇರಿ ನಾಯಕ ಅಸ್ಲಮ್ ಇನಾಮ್ದಾರ್ ಅತ್ಯಮೂಲ್ಯ ಆಟಗಾರರಾದರು. ರೈಡಿಂಗ್ ಜೊತೆಗೆ ರಕ್ಷಣೆಯಲ್ಲೂ ಪಾಲ್ಗೊಳ್ಳುವ ಆಟಗಾರನ ಮೌಲ್ಯವನ್ನು ಒಂದೇ ಪಟ್ಟಿಯಿಂದ ಅಳೆಯಲಾಗದು ಎಂಬುದಕ್ಕೆ ಇದು ನಿದರ್ಶನ.

ಎಣಿಕೆಗೆ ಸಿಗದ ಕೊಡುಗೆ

ಕಬಡ್ಡಿಯಲ್ಲಿ ಎದುರಾಳಿ ರೈಡರ್‌ನನ್ನು ಹಿಡಿದ ಅಂಕವು ಸಾಮಾನ್ಯವಾಗಿ ಒಬ್ಬ ಡಿಫೆಂಡರ್‌ನ ಹೆಸರಿಗೆ ಬರೆಯಲ್ಪಡುತ್ತದೆ. ಮೊದಲು ಕಾಲು ಹಿಡಿದವನಿಗೆ ಬೆಂಬಲವಾಗಿ ಸರಪಳಿ ಕಟ್ಟಿ, ರೈಡರ್ ಮಧ್ಯರೇಖೆ ಮುಟ್ಟದಂತೆ ತಡೆದ ಉಳಿದವರ ಶ್ರಮವು ಅಂಕಪಟ್ಟಿಯಲ್ಲಿ ಕಾಣುವುದಿಲ್ಲ. ತಂಡವು ಮುನ್ನಡೆಯಲ್ಲಿರುವಾಗ 30 ಸೆಕೆಂಡುಗಳನ್ನು ಸುರಕ್ಷಿತವಾಗಿ ಕಳೆದು ಹಿಂದಿರುಗುವ ರೈಡರ್‌ಗೆ ದಾಖಲಾಗುವುದು ಖಾಲಿ ರೈಡ್ ಮಾತ್ರ. ಒಂದೇ ಅಂಕದಿಂದ ನಿರ್ಣಯವಾಗುವ ಪಂದ್ಯದಲ್ಲಿ ಅಂತಹ ರೈಡ್‌ಗಳೇ ಗೆಲುವನ್ನು ಉಳಿಸಬಲ್ಲವು.

ಕ್ರಿಕೆಟ್

1975ರ ಜನವರಿಯಲ್ಲಿ ಮದರಾಸಿನಲ್ಲಿ ನಡೆದ ವೆಸ್ಟ್ ಇಂಡೀಸ್ ವಿರುದ್ಧದ ಟೆಸ್ಟ್ ಪಂದ್ಯವು ಸಂಖ್ಯೆ ಮತ್ತು ಮೌಲ್ಯಗಳ ಅಂತರಕ್ಕೆ ಹಳೆಯ ಉದಾಹರಣೆ. ಭಾರತದ ಮೊದಲ ಇನಿಂಗ್ಸ್‌ನ 190 ರನ್‌ಗಳಲ್ಲಿ ಭದ್ರಾವತಿಯಲ್ಲಿ ಜನಿಸಿದ ಜಿ.ಆರ್. ವಿಶ್ವನಾಥ್ ಅಜೇಯ 97 ರನ್ ಗಳಿಸಿದರು. ದಾಖಲೆಪಟ್ಟಿಯಲ್ಲಿ ಅದು ಶತಕವಲ್ಲ. ಆ ಪಂದ್ಯದಲ್ಲಿ ಆ್ಯಂಡಿ ರಾಬರ್ಟ್ಸ್ 12 ವಿಕೆಟ್ ಪಡೆದರೂ ಭಾರತವು 100 ರನ್‌ಗಳಿಂದ ಗೆದ್ದು ಸರಣಿಯನ್ನು 2-2ಕ್ಕೆ ಸಮಗೊಳಿಸಿತು. ವಿಶ್ವನಾಥ್ ಅವರ ಟೆಸ್ಟ್ ಸರಾಸರಿ 41.93, ಅವರು ಶತಕ ಬಾರಿಸಿದ ಯಾವ ಟೆಸ್ಟ್ ಪಂದ್ಯವನ್ನೂ ಭಾರತ ಸೋಲಲಿಲ್ಲ.

ಐಪಿಎಲ್‌ನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡವು ಇದರ ಎರಡು ತುದಿಗಳನ್ನೂ ಕಂಡಿದೆ. 2016ರಲ್ಲಿ ವಿರಾಟ್ ಕೊಹ್ಲಿ 973 ರನ್ ಗಳಿಸಿ ಅತ್ಯಮೂಲ್ಯ ಆಟಗಾರರಾದರೂ ತಂಡವು ಫೈನಲ್‌ನಲ್ಲಿ 8 ರನ್‌ಗಳಿಂದ ಸೋತಿತು. 2025ರ ಜೂನ್ 3ರಂದು ತಂಡವು ಪಂಜಾಬ್ ಕಿಂಗ್ಸ್ ವಿರುದ್ಧ 6 ರನ್‌ಗಳಿಂದ ಗೆದ್ದು ಮೊದಲ ಬಾರಿ ಚಾಂಪಿಯನ್ ಆದಾಗ, ವೈಯಕ್ತಿಕ ಪ್ರಶಸ್ತಿಗಳು ಫೈನಲ್ ತಲುಪದ ತಂಡಗಳಿಗೆ ಹೋದವು: ಅತಿ ಹೆಚ್ಚು ರನ್ ಗಳಿಸಿದ್ದು ಸಾಯಿ ಸುದರ್ಶನ್, ಅತಿ ಹೆಚ್ಚು ವಿಕೆಟ್ ಪಡೆದಿದ್ದು ಕರ್ನಾಟಕದ ಪ್ರಸಿದ್ಧ್ ಕೃಷ್ಣ, ಅತ್ಯಮೂಲ್ಯ ಆಟಗಾರ ಸೂರ್ಯಕುಮಾರ್ ಯಾದವ್. ಬೆಂಗಳೂರು ತಂಡದ ನಾಯಕ ರಜತ್ ಪಾಟೀದಾರ್ ಆ ಋತುವಿನಲ್ಲಿ ಗಳಿಸಿದ್ದು 312 ರನ್.

ಅಮೆರಿಕನ್ ಫುಟ್‌ಬಾಲ್

ಈ ಆಟದಲ್ಲಿ ದಾಳಿಯನ್ನು ನಿರ್ದೇಶಿಸುವ ಕ್ವಾರ್ಟರ್‌ಬ್ಯಾಕ್ ಪ್ರತಿ ಆಕ್ರಮಣದಲ್ಲೂ ಚೆಂಡನ್ನು ಮುಟ್ಟುವುದರಿಂದ ತಂಡದ ಗೆಲುವಿನ ಶ್ರೇಯಸ್ಸು ಅವನಿಗೆ ಸಲ್ಲುವುದು ಹೆಚ್ಚು. 2013ರಿಂದ 2024ರವರೆಗಿನ ಎಲ್ಲ ಋತುಗಳಲ್ಲೂ ಪ್ರಶಸ್ತಿ ಕ್ವಾರ್ಟರ್‌ಬ್ಯಾಕ್‌ಗಳಿಗೇ ಸಂದಿದೆ. 2023ರಲ್ಲಿ ಬಾಲ್ಟಿಮೋರ್ ರೇವನ್ಸ್ ತಂಡದ ಲಮಾರ್ ಜಾಕ್ಸನ್ ಅವರ ಟಚ್‌ಡೌನ್ ಪಾಸ್‌ಗಳು 24 ಮಾತ್ರ. ಡ್ಯಾಕ್ ಪ್ರೆಸ್ಕಾಟ್ ಅವರವು 36. ಆದರೆ ಬಾಲ್ಟಿಮೋರ್ 13 ಪಂದ್ಯ ಗೆದ್ದು 4ರಲ್ಲಿ ಸೋತು ಲೀಗ್‌ನ ಅಗ್ರಸ್ಥಾನ ಪಡೆದಿತ್ತು, ಜಾಕ್ಸನ್ ಚೆಂಡು ಹಿಡಿದು ಓಡಿಯೂ 821 ಗಜ ಗಳಿಸಿದ್ದರು. 50 ಮತದಾರರಲ್ಲಿ 49 ಮಂದಿ ಅವರಿಗೆ ಮೊದಲ ಸ್ಥಾನ ನೀಡಿದರು.

ಗ್ರಾಮೀಣ ಪಂದ್ಯಾವಳಿಗಳು

ಮಂಡ್ಯ, ಮದ್ದೂರು, ಮಳವಳ್ಳಿ ಸೇರಿದಂತೆ ಹಳೆ ಮೈಸೂರು ಭಾಗದ ಊರುಗಳಲ್ಲಿ ಹಬ್ಬ, ಗಣೇಶೋತ್ಸವ, ರಾಜ್ಯೋತ್ಸವಗಳ ಸಂದರ್ಭದಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳು ನಡೆಯುತ್ತವೆ. ತಂಡಗಳಿಗೆ ನಗದು ಮತ್ತು ಟ್ರೋಫಿಯ ಜೊತೆಗೆ ಬೆಸ್ಟ್ ರೈಡರ್, ಬೆಸ್ಟ್ ಕ್ಯಾಚರ್, ಆಲ್‌ರೌಂಡರ್ ಎಂಬ ವೈಯಕ್ತಿಕ ಬಹುಮಾನಗಳನ್ನೂ ಇಡುವುದು ವಾಡಿಕೆ. ವಿವರವಾದ ವೈಯಕ್ತಿಕ ಅಂಕಪಟ್ಟಿ ಇಲ್ಲದ ಕಡೆ ಆಯ್ಕೆಯು ತೀರ್ಪುಗಾರರ ಮತ್ತು ಸಂಘಟಕರ ಕಣ್ಣಳತೆಯನ್ನು ಅವಲಂಬಿಸುತ್ತದೆ. ಸರಪಳಿಯಲ್ಲಿ ಗಟ್ಟಿಯಾಗಿ ನಿಂತವನು ಇಲ್ಲಿ ಗುರುತಿಸಲ್ಪಡುವ ಸಾಧ್ಯತೆ ಹೆಚ್ಚು; ಆದರೆ ಸೋತ ತಂಡದ ಉತ್ತಮ ಆಟಗಾರನು ಕಡೆಗಣಿಸಲ್ಪಡುವ ಸಾಧ್ಯತೆಯೂ ಅಷ್ಟೇ ಇದೆ.

ವಾದ ಮತ್ತು ಪ್ರತಿವಾದ

ಗೆಲುವನ್ನು ಮುಖ್ಯ ಮಾನದಂಡವಾಗಿ ಪರಿಗಣಿಸುವವರು, ಆಟದ ಉದ್ದೇಶವೇ ಗೆಲುವಾಗಿರುವುದರಿಂದ ಅದಕ್ಕೆ ನೆರವಾಗದ ಅಂಕಗಳಿಗೆ ಬೆಲೆ ಕಡಿಮೆ ಎನ್ನುತ್ತಾರೆ. ಅಂಕಿಅಂಶಗಳ ಪರ ಇರುವವರು, ಗೆಲುವು ಇಡೀ ತಂಡದ ಫಲವಾಗಿದ್ದು ಚಾಂಪಿಯನ್ ತಂಡಕ್ಕೆ ಟ್ರೋಫಿ ಹೇಗೂ ದೊರೆಯುತ್ತದೆ, ದುರ್ಬಲ ತಂಡದಲ್ಲಿ ಆಡಿದ ಆಟಗಾರನಿಗೆ ಸಹ ಆಟಗಾರರ ಕೊರತೆಯ ಶಿಕ್ಷೆ ಆಗಬಾರದು ಎಂದು ವಾದಿಸುತ್ತಾರೆ. ಪವನ್, ನವೀನ್, ಅಸ್ಲಮ್ ಮತ್ತು ಜಾಕ್ಸನ್ ಅವರ ಉದಾಹರಣೆಗಳಲ್ಲಿ ಒಂದು ಸಾಮಾನ್ಯ ಅಂಶವಿದೆ: ಗೆದ್ದವರ ಅಂಕಿಅಂಶಗಳು ಸಾಧಾರಣವೆಂದು ತೋರಿದ್ದು ಒಂದೇ ಪಟ್ಟಿಯಿಂದ ನೋಡಿದಾಗ. ಪಂದ್ಯಗಳ ಸಂಖ್ಯೆ, ರಕ್ಷಣೆ, ಓಟ ಮುಂತಾದ ಇತರ ಕೊಡುಗೆಗಳನ್ನು ಸೇರಿಸಿದಾಗ ಅಂತರ ಬಹುಮಟ್ಟಿಗೆ ಕಿರಿದಾಗುತ್ತದೆ. ಅಷ್ಟಾದ ಮೇಲೂ ಉಳಿಯುವ ಅಂತರವನ್ನು ಗೆಲುವೊಂದೇ ತುಂಬಬಲ್ಲದೇ ಎಂಬುದರಲ್ಲಿ ಒಮ್ಮತವಿಲ್ಲ.

ಇವನ್ನೂ ನೋಡಿ

- ಪ್ರೊ ಕಬಡ್ಡಿ ಲೀಗ್
- ಬೆಂಗಳೂರು ಬುಲ್ಸ್
- ಜಿ.ಆರ್. ವಿಶ್ವನಾಥ್
- ಪಂದ್ಯಶ್ರೇಷ್ಠ ಪ್ರಶಸ್ತಿ