ಕಾಗದದ ರವಿವರ್ಮ

ರಾಜಾ ರವಿವರ್ಮನೆಂದೊಡನೆ ಮೈಸೂರಿನ ಜಗನ್ಮೋಹನ ಅರಮನೆಯ ತೈಲಚಿತ್ರಗಳು ಕಣ್ಣಮುಂದೆ ನಿಲ್ಲುತ್ತವೆ. ಆದರೆ ನಮ್ಮ ಅಜ್ಜಿಯರು ಕೈಮುಗಿದ ರವಿವರ್ಮನೇ ಬೇರೆ. ಆತ ನಡುಮನೆಯ ಗೋಡೆಯಲ್ಲಿ, ಗಾಜಿನ ಹಿಂದೆ, ಕಾಗದದ ಮೇಲಿದ್ದ. ಅರಮನೆಯ ಚಿತ್ರಕ್ಕೆ ಕಾವಲುಂಟು. ಈ ಕಾಗದಕ್ಕೆ ದಿಕ್ಕಿಲ್ಲ. ಮನೆ ಕೆಡವಿದಾಗ ಅದು ಹಳೆಯ ಸಾಮಾನಿನ ಅಂಗಡಿಯನ್ನು ಸೇರುತ್ತದೆ. ಅಲ್ಲಿ ಎಷ್ಟೋ ವೇಳೆ ಬೆಲೆ ಕಟ್ಟುವುದು ಚೌಕಟ್ಟಿನ ತೇಗಕ್ಕೆ, ಒಳಗಿನ ಸರಸ್ವತಿಗಲ್ಲ.

ಈ ಹಾಳೆಗಳ ಹುಟ್ಟು ಸಾಮಾನ್ಯವಾದುದಲ್ಲ. ೧೮೯೪ರಲ್ಲಿ ರವಿವರ್ಮ ಮುಂಬಯಿಯ ಗಿರಗಾಂವಿನಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆದ. ಯಂತ್ರಗಳೂ ಕುಶಲಿಗರೂ ಜರ್ಮನಿಯಿಂದ ಬಂದರು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಒಂದೇ ಹಾಳೆ ಅವೆಲ್ಲವನ್ನೂ ಮುಟ್ಟಿ ಬಂದ ಮೇಲೆ ಚಿತ್ರ ಪೂರ್ಣ. ಮೊದಲು ಹೊರಬಂದುದು 'ಶಕುಂತಲಾ ಜನನ'. ಬಳಿಕ ಮುದ್ರಣಾಲಯ ಲೋನಾವಳದ ಬಳಿಯ ಮಳವಲಿಗೆ ಹೋಯಿತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಫ್ರಿಟ್ಸ್ ಷ್ಲೈಶರ್ ಎಂಬ ಜರ್ಮನನ ಕೈಸೇರಿತು. ೧೯೭೨ರಲ್ಲಿ ಬೆಂಕಿಗೆ ಆಹುತಿಯಾಯಿತು. ಅಷ್ಟರೊಳಗೆ, ಗುಡಿಯ ಬಾಗಿಲು ಯಾರಿಗೆ ಮುಚ್ಚಿತ್ತೋ ಅವರ ಮನೆಗೂ ಲಕ್ಷ್ಮಿ ಅಲ್ಪ ಬೆಲೆಗೆ ಬಂದು ಸೇರಿದ್ದಳು. ದೇವರ ಮುಖವನ್ನು ನಮ್ಮ ಜನ ಕಲ್ಪಿಸಿಕೊಳ್ಳುವ ರೀತಿಯನ್ನೇ ಬದಲಿಸಿದುದು ಅರಮನೆಯ ತೈಲಚಿತ್ರವಲ್ಲ, ಈ ಹಾಳೆ.

ಇದನ್ನು ಕೊಲ್ಲುವವರಾರು? ಗೆದ್ದಲೆಂದು ಥಟ್ಟನೆ ಹೇಳಿಬಿಡುತ್ತೇವೆ. ಗೆದ್ದಲಿಗಿಂತ ಸಾವಧಾನಿಯಾದ ಶತ್ರುವೊಂದು ಪಟದ ಬೆನ್ನಿಗೇ ಇರುತ್ತದೆ. ಮರದ ತಿರುಳಿನಿಂದಾದ ಕಾಗದದಲ್ಲಿ ಕಾಲಕ್ರಮೇಣ ಆಮ್ಲ ಹೆಚ್ಚುತ್ತದೆ. ಕಟ್ಟಿನ ಹಿಂದೆ ಬಡಿದ ಹಲಗೆಯೂ ಆಮ್ಲವನ್ನು ಬಿಡುತ್ತದೆ. ಹಳೆಯ ಪಟವೊಂದನ್ನು ಬಿಚ್ಚಿ ನೋಡಿದರೆ, ಹಲಗೆಯ ಸಂದುಗಳೂ ಗಂಟುಗಳೂ ಹಾಳೆಯ ಮೇಲೆ ಕಂದು ಗುರುತಾಗಿ ಅಚ್ಚೊತ್ತಿರುವುದು ಕಾಣಬಹುದು. ಕೊನೆಗೆ ಆ ಹಾಳೆ ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತದೆ.

ಇವೆರಡಕ್ಕಿಂತ ಭಯಂಕರವಾದುದು ನಮ್ಮ ಪ್ರೀತಿ. ಅಂಗಡಿಯಿಂದ ಪಟವನ್ನು ಮನೆಗೆ ತಂದವರು ಅದನ್ನು 'ಹೊಸದು' ಮಾಡುವ ಆತುರದಲ್ಲಿ ಪ್ಲೈವುಡ್ಡಿಗೆ ಅಂಟಿಸುತ್ತಾರೆ, ಲ್ಯಾಮಿನೇಟ್ ಮಾಡಿಸುತ್ತಾರೆ, ಮಾಸಿದ ಕೆನ್ನೆಗೆ ಬಣ್ಣ ಬಳಿಸುತ್ತಾರೆ. ಸಂರಕ್ಷಣೆಯನ್ನು ಬಲ್ಲವರ ಸೂತ್ರ ಇದಕ್ಕೆ ನೇರ ವಿರುದ್ಧ: ಇಂದು ಮಾಡಿದುದನ್ನು ನಾಳೆ ಬಿಚ್ಚಲು ಬರಬೇಕು. ಹರಿದೆಡೆಗೆ ಹಿಂದಿನಿಂದ ತೆಳುವಾದ ಜಪಾನೀ ಕಾಗದ, ನೀರು ತಾಗಿದರೆ ಬಿಟ್ಟುಕೊಡುವ ಗೋಧಿಪಿಷ್ಟದ ಅಂಟು. ಹಲಗೆಯ ಬದಲು ಆಮ್ಲವಿಲ್ಲದ ರಟ್ಟು. ಗಾಜು ಚಿತ್ರಕ್ಕೆ ತಾಗದಂತೆ ನಡುವೆ ಮೌಂಟಿನ ಅಂತರ. ಬಿಸಿಲೂ ತೇವವೂ ಇಲ್ಲದ ಗೋಡೆ. ಕಟ್ಟು ಹಾಕಿಸುವವರು ಇಷ್ಟನ್ನು ಕೇಳಿ ಪಡೆದರೆ ಸಾಕು. ಮೆರುಗೆಣ್ಣೆ ಬಳಿದ ಅಚ್ಚುಗಳನ್ನು ತೊಳೆಯುವ ಸಾಹಸವನ್ನು ಮಾತ್ರ ತಜ್ಞರಿಗೇ ಬಿಡಬೇಕು.

ಇನ್ನೊಂದು ಮಾತು. ಕೆಲವು ಪಟಗಳಲ್ಲಿ ದೇವಿಯ ಸೀರೆಗೆ ಯಾರೋ ಗೃಹಿಣಿ ಜರಿ, ಚಮಕಿಗಳನ್ನು ಹೊಲಿದಿರುತ್ತಾಳೆ. ಹಣೆಯ ಬಳಿ ಕುಂಕುಮದ ಕಲೆ ಉಳಿದಿರುತ್ತದೆ. ಇವು ಕೊಳೆಯಲ್ಲ, ಚರಿತ್ರೆ. ಅಚ್ಚಿನ ಮನೆಯಿಂದ ಸಾವಿರದಲ್ಲಿ ಒಂದಾಗಿ ಬಂದ ಹಾಳೆ ಆ ಸೂಜಿಯ ಕೆಲಸದಿಂದ ಜಗತ್ತಿಗೆ ಒಂದೇ ಆಯಿತು. ಶುದ್ಧ ರವಿವರ್ಮನನ್ನು ಹುಡುಕುತ್ತೇವೆಂದು ಚಮಕಿಯನ್ನು ಕಿತ್ತರೆ ನಷ್ಟವಾಗುವುದು ಆತನಿಗಲ್ಲ. ಆತನ ಹೆಸರು ಪುಸ್ತಕಗಳಲ್ಲಿದೆ. ಆಕೆಯ ಗುರುತು ಉಳಿದಿರುವುದು ಆ ದಾರದಲ್ಲಿ ಮಾತ್ರ.