‘ಲಂಚಾವತಾರ’ದ ನಗೆ

ಖರಾಡಿಯಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಮಾಸ್ಟರ್ ಹಿರಣ್ಣಯ್ಯನವರನ್ನು ಪರಿಚಯಿಸುವುದಾದರೆ ‘ಲಂಚಾವತಾರ’ದಿಂದಲೇ ಆರಂಭಿಸಬೇಕು.

ತಂದೆ ಕೆ. ಹಿರಣ್ಣಯ್ಯನವರು 1953ರಲ್ಲಿ ತೀರಿಕೊಂಡಾಗ ಮಗನಿಗಿನ್ನೂ 19 ವರ್ಷ. ತಂದೆ ಕಟ್ಟಿದ್ದ ಹಿರಣ್ಣಯ್ಯ ಮಿತ್ರ ಮಂಡಳಿಯನ್ನು ಅವರು ಮತ್ತೆ ಎತ್ತಿ ನಿಲ್ಲಿಸಿದರು. 1959ರಲ್ಲಿ ರಂಗಕ್ಕೆ ತಂದ ಈ ನಾಟಕ 10,000ಕ್ಕೂ ಹೆಚ್ಚು ಪ್ರಯೋಗಗಳನ್ನು ಕಂಡಿತು.

ಇದರ ಗುಟ್ಟೇನು? ಬರೆದ ಮಾತಿಗೆ ಅವರು ಕಟ್ಟುಬೀಳಲಿಲ್ಲ. ಕಥೆ ಅದೇ, ಆದರೆ ಅಂದಿನ ಪತ್ರಿಕೆಯ ಸುದ್ದಿ ಅಂದೇ ಸಂಭಾಷಣೆಯೊಳಗೆ ಬರುತ್ತಿತ್ತು. ಅಧಿಕಾರದಲ್ಲಿದ್ದವರಿಗೂ ರಿಯಾಯಿತಿಯಿಲ್ಲ, ಎದುರಿಗೆ ಕುಳಿತು ನಗುವ ಪ್ರೇಕ್ಷಕರಿಗೂ ಇಲ್ಲ.

ನಮ್ಮ ಮರಾಠಿ ನೆರೆಯವರಿಗೆ ಆಚಾರ್ಯ ಅತ್ರೆಯವರ ‘ಮೋರೂಚಿ ಮಾವಶಿ’ ಇದೆ. ಅದು ಬರೆದಿಟ್ಟ ಪ್ರಹಸನ; 1980ರ ದಶಕದಲ್ಲಿ ವಿಜಯ ಚವ್ಹಾಣ ಮಾವಶಿಯ ಸೀರೆಯುಟ್ಟಾಗ ಮತ್ತೆ ಜೀವ ತಳೆಯಿತು. ‘ಲಂಚಾವತಾರ’ಕ್ಕೆ ಅಷ್ಟು ಸಾಲದು. 2019ರಲ್ಲಿ ಹಿರಣ್ಣಯ್ಯನವರು ತೀರಿಕೊಂಡರು. ಅವರ ಹಳೆಯ ಮಾತುಗಳನ್ನು ಗಿಳಿಪಾಠ ಒಪ್ಪಿಸಿದರೆ ನಾಟಕ ಉಳಿಯದು.

ನಮ್ಮ ವೇದಿಕೆಯಲ್ಲಿ ಅದನ್ನು ಆಡುವುದಾದರೆ ಈ ದಿನದ, ಈ ಊರಿನ ಲಂಚದ ಮಾತೇ ಬರಬೇಕು. ಕೆಲಸ ಬೇಗ ಆಗಲೆಂದು ಕೈ ಬೆಚ್ಚಗೆ ಮಾಡುವ ನಾವೂ ಅದರೊಳಗಿರಬೇಕು. ಆಗಲೂ ನಗಬಲ್ಲೆವೇ?