ಇಬ್ಬರು ಇಂದಿರೆಯರು

ಬಳ್ಳಾರಿಯಲ್ಲಿ ಇರೋದು ಎರಡೇ ಕಾಲ: ಬೇಸಿಗೆ, ಇನ್ನೂ ಜಾಸ್ತಿ ಬೇಸಿಗೆ. ಆದ್ರೂ ನಮ್ಮ ಕ್ಲಾಸಿನ ಹುಡುಗಿಯರ ಫೋನಿನಲ್ಲಿ ಸದಾ ಹಿಮ ಬೀಳ್ತಿರುತ್ತೆ. ಇಂಗ್ಲಿಷ್ ಹಾಲಿಡೇ ರೊಮ್ಯಾನ್ಸ್ ಕಾದಂಬರಿಗಳು. ಕಥೆ ನಿಮಗೂ ಗೊತ್ತಿರುತ್ತೆ. ಹಿಂದೆ ಬಿಟ್ಟುಹೋದ ಹುಡುಗ ಕ್ರಿಸ್‌ಮಸ್ ರಜೆಗೆ ಊರಿಗೆ ಬರ್ತಾನೆ, ಹಳೇ ಹುಡುಗಿ ಎದುರು ಸಿಗ್ತಾಳೆ, ಮುನಿಸು ಕರಗುತ್ತೆ, ಕೊನೆಗೆ ಮದುವೆ. ಮುಜುಗರ ಪಡೋ ಸೀನ್ ಒಂದೂ ಇರಲ್ಲ, ಅಮ್ಮನ ಪಕ್ಕ ಕೂತು ಓದಬಹುದು. ನಾನೂ ಓದಿದ್ದೀನಿ, ಸುಳ್ಳು ಯಾಕೆ.

ಈ ವಾರ ಇದರ ಬಗ್ಗೆ ಬರೀತಿರೋದಕ್ಕೆ ಕಾರಣ ಇದೆ. ಬಿಟ್ಟುಹೋದ ಬದುಕು ಇನ್ನೊಂದು ಸಲ ಸಿಗೋ ಕಥೆ ನಮಗೆ ಹೊರಗಿಂದ ಬಂದದ್ದಲ್ಲ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅಂತ ಕರೆಸಿಕೊಳ್ಳೋ ಪುಸ್ತಕದಲ್ಲೇ ಅದು ಇದೆ.

1899, ಮಂಗಳೂರು. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ'. ಆಗ ಮಂಗಳೂರೂ ನಮ್ಮ ಬಳ್ಳಾರಿಯೂ ಒಂದೇ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿದ್ದವು (ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ, ಅದಕ್ಕೆ ಬೇರೆ ಪೋಸ್ಟೇ ಬೇಕು). ಇಂದಿರಾ ಚಿಕ್ಕ ವಯಸ್ಸಿಗೇ ಗಂಡನನ್ನು ಕಳಕೊಂಡವಳು. ತಂದೆ ತಾಯಿ ಕಪಟ ಸನ್ಯಾಸಿಗಳ ಮಾತು ಕೇಳೋರು. ಅವಳು ಆ ಮನೆ ಬಿಟ್ಟು ಹೊರಟೇ ಬಿಡ್ತಾಳೆ, ಇನ್ನೊಬ್ಬ ಹಿರಿಯರ ಮನೆಯಲ್ಲಿ ಆಶ್ರಯ ಪಡೆದು ಓದು ಕಲೀತಾಳೆ, ಆಮೇಲೆ ಇಂಗ್ಲೆಂಡಿಗೆ ಹೋಗಿ ಓದಿ ಬಂದ ಭಾಸ್ಕರನನ್ನು ಮದುವೆ ಆಗ್ತಾಳೆ. 1899ರಲ್ಲಿ! 1903ರಲ್ಲೇ ಇಂಗ್ಲಿಷಿಗೂ ಹೋಯ್ತು.

ಇಲ್ಲಿ ನನ್ನೊಳಗಿನ ಬಿಕಾಂ ಎದ್ದು ಕೂರ್ತಾನೆ. ವಿಧವೆಯರ ಮರುಮದುವೆಗೆ ಕಾನೂನು ಬಂದಿದ್ದು 1856ರಲ್ಲಿ ಅಂತ ಪಿಯುಸಿಯಲ್ಲಿ ಒಂದು ಮಾರ್ಕಿಗೆ ಓದಿರ್ತೀವಿ. ಅದೇ ಕಾನೂನಿನ ಎರಡನೇ ಕಲಮಿನ ಬಗ್ಗೆ ಯಾರೂ ಹೇಳಿರಲಿಲ್ಲ. ಮರುಮದುವೆಯಾದ ಹೆಣ್ಣು ಸತ್ತ ಗಂಡನ ಆಸ್ತಿಯಲ್ಲಿನ ಹಕ್ಕು ಬಿಡಬೇಕು. ಅಂದ್ರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ಕೊಂಡ ಹಾಗೆ. ಹೊಸ ಬದುಕಿಗೆ ಒಂದು ರೇಟ್ ಇತ್ತು, ಕಟ್ಟಬೇಕಾದವಳು ಅವಳೇ.

ಈಗ ಅರವತ್ತು ವರ್ಷ ಮುಂದೆ ಬನ್ನಿ. ಮೈಸೂರಿನ ತ್ರಿವೇಣಿ. ಹುಟ್ಟಿದ್ದು 1928, ಹೋಗಿದ್ದು 1963. ಬರೀ 34 ವರ್ಷ. ಅವರ ಕಾದಂಬರಿಗಳು ಕನ್ನಡದಲ್ಲಿ ದೊಡ್ಡ ಸಿನಿಮಾಗಳಾದಾಗ ಅವರೇ ಇರಲಿಲ್ಲ ಅನ್ನೋದು ನನಗೆ ಯಾವಾಗ ನೆನೆದ್ರೂ ಸಂಕಟ. 'ಬೆಳ್ಳಿಮೋಡ' 1967ರಲ್ಲಿ ಬಂತು, ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ಮೊದಲ ಕನ್ನಡ ಸಿನಿಮಾ. ನಾಯಕಿಯ ಹೆಸರು? ಇಂದಿರಾ!

ಚಿಕ್ಕಮಗಳೂರು ಕಡೆಯ ಕಾಫಿ ತೋಟ, ಒಬ್ಬಳೇ ಮಗಳು. ಮೋಹನ ಅವಳಪ್ಪನ ದುಡ್ಡಲ್ಲೇ ವಿದೇಶಕ್ಕೆ ಹೋಗಿ ಓದಿ ಬರ್ತಾನೆ, ಮದುವೆ ನಿಶ್ಚಯ ಆಗಿರುತ್ತೆ. ಅಷ್ಟರಲ್ಲಿ ಇಂದಿರೆಗೆ ತಮ್ಮ ಹುಟ್ಟಿರ್ತಾನೆ. ತೋಟಕ್ಕೆ ವಾರಸುದಾರ ಬಂದ ಅಂತ ಗೊತ್ತಾದ ಕೂಡಲೇ ಇವನ ಪ್ರೀತಿ ಇಳಿದುಹೋಗುತ್ತೆ. ಮುಂದೆ ಅವನೇ ಬಿದ್ದು ಪೆಟ್ಟು ಮಾಡ್ಕೊಂಡು ಅದೇ ಮನೆಯಲ್ಲಿ ಮಲಗ್ತಾನೆ. ಇಂದಿರಾ ಆರೈಕೆ ಮಾಡ್ತಾಳೆ. ಅವನಿಗೆ ತಪ್ಪು ಅರಿವಾಗಿ, ಮದುವೆ ಆಗೋಣ ಅಂತ ಕೇಳ್ತಾನೆ.

ಇಂಗ್ಲಿಷ್ ಪುಸ್ತಕ ಆಗಿದ್ರೆ ಇಲ್ಲಿ ಹಿಮ ಬೀಳಬೇಕಿತ್ತು. ತ್ರಿವೇಣಿಯ ಇಂದಿರಾ ಒಪ್ಪಲ್ಲ. ಅವಳಿಗೆ ಕೋಪ ಇಲ್ಲ, ಸೇಡೂ ಇಲ್ಲ. ಆರೈಕೆ ಮಾಡಿದ್ದು ಮನುಷ್ಯ ಅಂತ, ಅದನ್ನ ಪ್ರೀತಿಯ ಲೆಕ್ಕಕ್ಕೆ ಬರ್ಕೋಬೇಡ ಅನ್ನೋ ಥರ. ನನಗೆ ಇಡೀ ಕನ್ನಡ ಪ್ರೇಮಕಥೆಗಳಲ್ಲಿ ಇದಕ್ಕಿಂತ ದೊಡ್ಡ ಕ್ಲೈಮ್ಯಾಕ್ಸ್ ಇಲ್ಲ.

ಹಾಗಂತ ತ್ರಿವೇಣಿ ಎರಡನೇ ಅವಕಾಶದ ವಿರೋಧಿ ಅಲ್ಲ. ಅವರದ್ದೇ 'ಹಣ್ಣೆಲೆ ಚಿಗುರಿದಾಗ' (ಸಿನಿಮಾ 1968) ವಿಧವೆ ಮಗಳ ಹೊಸ ಬದುಕಿಗೆ ಅಪ್ಪನೇ ಅಡ್ಡ ನಿಲ್ಲೋ ಕಥೆ. ವಾಣಿಯವರ 'ಎರಡು ಕನಸು' (ಸಿನಿಮಾ 1974) ಇನ್ನೊಂದು ದಾರಿ: ಮೊದಲ ಪ್ರೀತಿ ಕಳಕೊಂಡವನು ಕಟ್ಟಿಕೊಂಡ ಹೆಂಡತಿಯನ್ನೇ ಹೊಸದಾಗಿ ನೋಡೋಕೆ ಕಲಿಯೋದು. ಮೂರೂ ಸಿನಿಮಾದಲ್ಲಿ ಕಲ್ಪನಾ. ಒಂದೇ ಮುಖ, ಮೂರು ಉತ್ತರ.

1899ರ ಇಂದಿರೆಗೆ 'ಹೂಂ' ಅನ್ನೋದೇ ಧೈರ್ಯ ಆಗಿತ್ತು. ಬೆಳ್ಳಿಮೋಡದ ಇಂದಿರೆಗೆ 'ಬೇಡ' ಅನ್ನೋದು. ಎರಡೂ ಕಡೆ ಉತ್ತರ ಹೇಳಿದ್ದು ಅವಳೇ, ಪಂಚಾಯ್ತಿ ಸೇರಿಸಿ ಹೇಳಿಸಿದ್ದಲ್ಲ. ನಮ್ಮ ಮನೆಗಳಲ್ಲಿ ಅದೊಂದೇ ಕಷ್ಟದ ಭಾಗ.

ನಮ್ಮ ಮನೆ ಅಂದ್ನಲ್ಲ, ಅದನ್ನೂ ಹೇಳ್ತೀನಿ (ಅಕ್ಕನ ಪರ್ಮಿಷನ್ ತಗೊಂಡಿದ್ದೀನಿ). ಸಿರುಗುಪ್ಪದ ದೊಡ್ಡಮ್ಮನ ಮಗಳಿಗೆ ಎರಡು ವರ್ಷದ ಹಿಂದೆ ನಿಶ್ಚಿತಾರ್ಥ ಆಗಿತ್ತು. ದೊಡ್ಡಪ್ಪನ ಗದ್ದೆ ಮೇಲೆ ಸಾಲ ಇದೆ ಅಂತ ಗೊತ್ತಾಗಿ ಗಂಡಿನ ಕಡೆಯವರು ಸದ್ದಿಲ್ಲದೆ ಹಿಂದೆ ಸರಿದ್ರು. ಈ ಸಲ ಕುರುಗೋಡಿಗೆ ದೊಡ್ಡಬಸವೇಶ್ವರನ ಜಾತ್ರೆಗೆ ಹೋದಾಗ, ತೇರಿನ ಜನದ ಮಧ್ಯೆ ಅದೇ ಹುಡುಗ ಎದುರಾದ. ಅಕ್ಕನಿಗೆ ಈಗ ಬಳ್ಳಾರಿಯಲ್ಲಿ ಕೆಲಸ ಇದೆ, ಸಂಬಳ ಇದೆ. ಎರಡೇ ವಾರದಲ್ಲಿ ಅವರ ಮನೆಯಿಂದ ಮಾತು ಬಂತು. ಹುಡುಗ ನಿಜವಾಗ್ಲೂ ನೊಂದಿರಬಹುದು, ಅದನ್ನ ಇಲ್ಲ ಅನ್ನಲ್ಲ.

ಉಗಾದಿ ಹೋಳಿಗೆ ತಿನ್ನೋವಾಗ ಇದೇ ಚರ್ಚೆ. "ತಾವಾಗೇ ಬಂದಾರಲ್ಲ, ಇನ್ನೇನು ಬೇಕು ಅಕಿಗೆ" ಅಂತ ದೊಡ್ಡಮ್ಮ. ಅಕ್ಕ ತಟ್ಟೆ ನೋಡ್ಕೊಂಡು ಕೂತಿದ್ಲು. ಯಾರೂ ಅವಳನ್ನ ಕೇಳಲಿಲ್ಲ. ನಾನೂ ಕೇಳಲಿಲ್ಲ, ಅದಕ್ಕೆ ನಾಚಿಕೆ ಇದೆ. ವಾಪಸ್ ಬರೋವಾಗ ಬ್ಯಾಗಲ್ಲಿದ್ದ 'ಬೆಳ್ಳಿಮೋಡ' ಕೊಟ್ಟು ಬಂದೆ.

ಮೊನ್ನೆ ಫೋನ್ ಮಾಡಿದ್ಲು. ಓದಿ ಮುಗೀತಂತೆ. "ಇಂದಿರಾ ಆಮೇಲೆ ಏನು ಮಾಡಿರಬಹುದೋ?" ಅಂದ್ಲು. ಅದು ಪುಸ್ತಕದಲ್ಲಿ ಇಲ್ಲ ಕಣೆ ಅಕ್ಕ ಅಂದೆ. ಸರಿ, 'ಎರಡು ಕನಸು' ಇದ್ರೆ ತಂದುಕೊಡು ಅಂದ್ಲು. ಬಳ್ಳಾರಿಯಲ್ಲಿ ಹಳೇ ಪ್ರತಿ ಎಲ್ಲಿ ಸಿಗುತ್ತೆ ಅಂತ ನಿಮ್ಮಲ್ಲಿ ಯಾರಿಗಾದ್ರೂ ಗೊತ್ತಿದ್ರೆ ಮೆಸೇಜ್ ಮಾಡಿ. ಅವರಿಗೆ ಶ್ರಾವಣದೊಳಗೆ ಉತ್ತರ ಬೇಕಂತೆ.